ಥಂಡಿಗೆ ಬೆಚ್ಚಗಿನ ಹ್ಯಾಂಡಲ್: ಹೀಟೆಡ್ ಗ್ರಿಪ್‌ಗೆ ವೈರ್ ಎಳೆಯುವುದು ಹೇಗೆ?

ಡಿಸೆಂಬರ್‌ನಲ್ಲಿ ಬೆಳಗಿನ ಐದೂವರೆಗೆ ಬೆಳಗಾವಿ ಬಿಟ್ಟು, ಜಾಂಬೋಟಿ ದಾಟಿ ಚೋರ್ಲಾ ಘಾಟಿನ ಕಡೆ ಬೈಕ್ ಓಡಿಸಿದವರಿಗೆ ಗೊತ್ತು, ಕಣಕುಂಬಿ ಬರುವಷ್ಟರಲ್ಲಿ ಕ್ಲಚ್ ಹಿಡಿದ ಬೆರಳು ಇದೆಯೋ ಇಲ್ಲವೋ ಅನ್ನುವುದೇ ತಿಳಿಯುವುದಿಲ್ಲ. ಎರಡು ಜೊತೆ ಕೈಗವಸು ಹಾಕಿದರೆ ಇಂಡಿಕೇಟರ್ ಒತ್ತಲು ಬರುವುದಿಲ್ಲ. ಹೀಟೆಡ್ ಗ್ರಿಪ್ ಅಂದರೆ ರಬ್ಬರ್ ಒಳಗೆ ಬಿಸಿಯಾಗುವ ತಂತಿ ಇರುವ ಹಿಡಿ, ಇಸ್ತ್ರಿ ಪೆಟ್ಟಿಗೆ ಕಾಯುವ ಹಾಗೆಯೇ ಇದೂ ಕಾಯುತ್ತದೆ. ಹಾಕುವುದು ಅರ್ಧ ದಿನದ ಕೆಲಸ. ಗ್ರಿಪ್ ಕೂರಿಸುವುದು ದೊಡ್ಡ ವಿಷಯವಲ್ಲ, ಕರೆಂಟ್ ಎಲ್ಲಿಂದ ತೆಗೆಯುತ್ತೀರಿ ಅನ್ನುವುದೇ ವಿಷಯ.

ಮೊದಲು ಲೆಕ್ಕ. ಡಬ್ಬಿ ಮೇಲೆ 36 ವ್ಯಾಟ್ ಅಂತಿದ್ದರೆ 12ರಿಂದ ಭಾಗಿಸಿ, 3 ಆಂಪ್. ಇಂಜಿನ್ ಓಡುವಾಗ 14 ವೋಲ್ಟ್ ಹತ್ತಿರ ಇರುತ್ತದೆ, ಆಗ ಇನ್ನೂ ಸ್ವಲ್ಪ ಜಾಸ್ತಿ ಎಳೆಯುತ್ತದೆ. ಸಣ್ಣ ಬೈಕಿನ ಹೆಡ್‌ಲೈಟ್ ಬಲ್ಬೇ 35 ವ್ಯಾಟ್, ಅಂದರೆ ಇನ್ನೊಂದು ಹೆಡ್‌ಲೈಟ್ ಕಟ್ಟಿದ ಹಾಗಾಯಿತು. ಅದನ್ನು ಆರಿಸಿ ಉಳಿಸೋಣ ಅಂದರೆ 2017ರ ಏಪ್ರಿಲ್ ನಂತರದ ಗಾಡಿಗಳಲ್ಲಿ ಆ ಸ್ವಿಚ್ಚೇ ಇಲ್ಲ. ಅದಕ್ಕೇ ಗ್ರಿಪ್ ಕೊಳ್ಳುವ ಮೊದಲು ಬೈಕ್ ಸ್ಟಾರ್ಟ್ ಮಾಡಿ, ಸ್ವಲ್ಪ ರೇಸ್ ಕೊಟ್ಟು, ಬ್ಯಾಟರಿಗೆ ವೋಲ್ಟ್ ಅಳೆಯುವ ಮಲ್ಟಿಮೀಟರ್ ಹಿಡಿಯಿರಿ. 13.5ರಿಂದ 14.4 ತೋರಿಸಿದರೆ ಸರಿ. 13 ಕೂಡ ದಾಟದಿದ್ದರೆ ಮೊದಲು ಚಾರ್ಜಿಂಗ್ ರಿಪೇರಿ ಮಾಡಿಸಿ. 100 ಸಿಸಿ ಗಾಡಿಗೆ ಹಾಕಿ ಅಂತ ನಾನಂತೂ ಹೇಳುವುದಿಲ್ಲ.

ಮೊದಲ ಸಲ ನಾನು ರಿಲೇ ಗಿಲೇ ಏನೂ ಇಲ್ಲದೆ ನೇರವಾಗಿ ಬ್ಯಾಟರಿಗೇ ಸಿಕ್ಕಿಸಿದ್ದೆ. ಜಾಂಬೋಟಿಯಲ್ಲಿ ಚಹಾಕ್ಕೆ ನಿಂತೆವು, ಗೆಳೆಯರು ಸಿಕ್ಕರು, ಮಾತು ಬೆಳೆದು ಒಂದೂವರೆ ಗಂಟೆ ಆಯಿತು. ಕೀಲಿ ನನ್ನ ಕಿಸೆಯಲ್ಲಿತ್ತು, ಗ್ರಿಪ್ ಮಾತ್ರ ಅಲ್ಲಿ ಒಂದೇ ಸಮನೆ ಕಾಯುತ್ತಿತ್ತು. ಆಮೇಲೆ ಇಬ್ಬರು ನೂಕಿ ಸ್ಟಾರ್ಟ್ ಮಾಡಬೇಕಾಯಿತು.

ಕೀಲಿ ತೆಗೆದ ಕೂಡಲೇ ಗ್ರಿಪ್ ಆರಬೇಕು ಅಂದರೆ ರಿಲೇ ಬೇಕು. ಕಾಲುವೆಯ ತೂಬು ನೋಡಿದ್ದೀರಲ್ಲ, ಒಬ್ಬ ಮನುಷ್ಯ ಹಿಡಿಕೆ ತಿರುವಿದರೆ ನೀರೆಲ್ಲ ಹರಿಯುತ್ತದೆ, ಹಾಗೆ ಸಣ್ಣ ಕರೆಂಟ್ ಕೊಟ್ಟರೆ ದೊಡ್ಡ ಕರೆಂಟ್ ಬಿಡುವ ಸ್ವಿಚ್ ಇದು. ನಾಲ್ಕು ಕಾಲಿನ 12 ವೋಲ್ಟ್ ರಿಲೇ ಯಾವ ಆಟೋ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಸಿಗುತ್ತದೆ, ಕಾಲುಗಳ ಮೇಲೆ ನಂಬರ್ ಇರುತ್ತದೆ. ಬ್ಯಾಟರಿಯ ಪ್ಲಸ್‌ನಿಂದ ಬಂದ ವೈರ್ 30ಕ್ಕೆ. ಈ ವೈರಿನಲ್ಲಿ 5 ಆಂಪ್ ಫ್ಯೂಸ್ ಇರಲೇಬೇಕು, ಅದೂ ಬ್ಯಾಟರಿಗೆ ಗೇಣು ದೂರದ ಒಳಗೆ. ಫ್ಯೂಸ್ ಆಚೆ ಎಲ್ಲಿ ಉಜ್ಜಿ ಶಾರ್ಟ್ ಆದರೂ ಅದು ಹಾರಿಹೋಗುತ್ತದೆ, ಬ್ಯಾಟರಿಗೂ ಫ್ಯೂಸಿಗೂ ನಡುವೆ ಶಾರ್ಟ್ ಆದರೆ ಕಾಯುವವರಿಲ್ಲ, ವೈರೇ ಉರಿಯುತ್ತದೆ. 87ರಿಂದ ಗ್ರಿಪ್‌ನ ಪ್ಲಸ್. 85 ಬ್ಯಾಟರಿಯ ಮೈನಸ್‌ಗೆ, ಗ್ರಿಪ್‌ನ ಮೈನಸ್ಸೂ ಅಲ್ಲಿಗೇ.

ಉಳಿದದ್ದು 86. ಇದಕ್ಕೆ ಕೀಲಿ ಆನ್ ಮಾಡಿದಾಗ ಮಾತ್ರ 12 ವೋಲ್ಟ್ ಬರುವ ವೈರ್ ಬೇಕು. ಹೆಡ್‌ಲೈಟ್ ವೈರ್ ಮುಟ್ಟಬೇಡಿ, ಹಳೆ ಗಾಡಿಗಳಲ್ಲಿ ಅದು ಬ್ಯಾಟರಿಯಿಂದ ಅಲ್ಲ, ನೇರ ಇಂಜಿನ್ನಿನಲ್ಲೇ ಕರೆಂಟ್ ಹುಟ್ಟಿಸುವ ಮ್ಯಾಗ್ನೆಟ್‌ನಿಂದ ಬರುತ್ತದೆ (ರೇಸ್ ಕೊಟ್ಟಾಗ ಬೆಳಕು ಏರುತ್ತದಲ್ಲ, ಅದಕ್ಕೇ). ಇಂಜೆಕ್ಷನ್ ಗಾಡಿಯಾದರೆ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್), ಬ್ರೇಕಿನ ಎಬಿಎಸ್ ಕಡೆಯ ವೈರುಗಳ ಸುದ್ದಿಗೂ ಹೋಗಬೇಡಿ. ನಾನು ಹುಡುಕುವುದು ಮುಂದಿನ ಬ್ರೇಕ್ ಲಿವರ್ ಹತ್ತಿರದ ಪುಟ್ಟ ಸ್ವಿಚ್‌ನಲ್ಲಿ. ಬ್ರೇಕ್ ಹಿಡಿಯದೆ ಕೀಲಿ ಆನ್ ಮಾಡಿ ಮೀಟರ್ ಹಿಡಿಯಿರಿ, ಆ ಸ್ವಿಚ್ಚಿನ ಎರಡು ವೈರುಗಳಲ್ಲಿ ಯಾವುದಕ್ಕೆ 12 ಬರುತ್ತದೋ, ಕೀಲಿ ತೆಗೆದರೆ ಹೋಗುತ್ತದೋ, ಅದೇ ನಿಮ್ಮ ವೈರ್.

ಅದನ್ನು ಗುರುತು ಮಾಡಿಕೊಂಡ ಮೇಲೆ ಬ್ಯಾಟರಿಯ ಮೈನಸ್ ಬಿಚ್ಚಿ. ಅದನ್ನೇ ಮೊದಲು ಬಿಚ್ಚಬೇಕು, ಎಲ್ಲ ಮುಗಿದ ಮೇಲೆ ಅದನ್ನೇ ಕೊನೆಗೆ ಹಾಕಬೇಕು. ವೈರ್ 1.5 ಸ್ಕ್ವೇರ್ ಎಂಎಂ ಸಾಕು. ಸುಮ್ನೆ ತಿರುಚಿ ಟೇಪ್ ಸುತ್ತಿದ ಜಾಯಿಂಟ್ ಒಂದು ಮಳೆಗಾಲ ಬಾಳುವುದಿಲ್ಲ, ನಮ್ಮ ಖಾನಾಪುರ ಕಡೆಯ ಮಳೆ ಗೊತ್ತಲ್ವಾ? ಬೆಸುಗೆ ಹಾಕಿ, ಬಿಸಿಗೆ ಕುಗ್ಗುವ ಸ್ಲೀವ್ ಏರಿಸಿ.

ಈಗ ಗ್ರಿಪ್. ಅಂಟು ಹಚ್ಚುವ ಮೊದಲೇ ಎರಡನ್ನೂ ಒಂದು ನಿಮಿಷ ಬ್ಯಾಟರಿಗೆ ಹಿಡಿದು ಬಿಸಿಯಾಗುತ್ತವಾ ನೋಡಿ, ಆಮೇಲೆ ಗೊತ್ತಾದರೆ ಕತ್ತರಿಸಿಯೇ ತೆಗೆಯಬೇಕು. ಹಳೆಯದನ್ನು ಬ್ಲೇಡ್‌ನಿಂದ ಸೀಳಿ. ಬಲಗಡೆ ಒಳಗೆ ಪ್ಲಾಸ್ಟಿಕ್ ಕೊಳವೆ ಇದೆ, ಅದು ಸೀಳದಂತೆ ಹುಷಾರು. ಬಲ ಗ್ರಿಪ್‌ನ ತೂತು ದೊಡ್ಡದು, ಎಡದ್ದು ಸಣ್ಣದು, ಅದಲು ಬದಲು ಮಾಡಬೇಡಿ.

ಇಲ್ಲಿ ಮಾತ್ರ ಅವಸರ ಬೇಡ. ಬಲಗೈ ಗ್ರಿಪ್ ತಿರುಗುತ್ತದೆ, ಅದರ ಜೊತೆ ಅದರ ವೈರೂ ತಿರುಗುತ್ತದೆ. ವೈರ್ ಬ್ರೇಕ್ ಲಿವರ್‌ಗೆ ತಾಗದಂತೆ ಕೂರಿಸಿ, ಒಂದು ಸುತ್ತು ಸಡಿಲ ಬಿಡಿ. ಪೂರ್ತಿ ರೇಸ್ ತಿರುವಿ ಕೈ ಬಿಟ್ಟರೆ ಟಕ್ ಅಂತ ತಾನೇ ವಾಪಸ್ ಬರಬೇಕು. ಹ್ಯಾಂಡಲ್ಲನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿಯೂ ಇದನ್ನೇ ನೋಡಿ. ಹ್ಯಾಂಡಲ್ ತುದಿಯ ತೂಕದ ಗುಂಡಿಗೂ ಗ್ರಿಪ್‌ಗೂ ನಡುವೆ ಒಂದೆರಡು ಮಿಲಿಮೀಟರ್ ಸಂದು ಇರಲಿ. ಘಾಟಿಯ ತಿರುವಿನಲ್ಲಿ ರೇಸ್ ಅಲ್ಲೇ ಸಿಕ್ಕಿಕೊಂಡರೆ ಬೆಚ್ಚಗಿನ ಕೈ ಇಟ್ಟುಕೊಂಡು ಏನು ಮಾಡುತ್ತೀರಿ?

ಅಂಟು ಒಂದು ರಾತ್ರಿ ಒಣಗಲಿ. ಬೆಳಿಗ್ಗೆ ಸ್ಟಾರ್ಟ್ ಮಾಡಿ, ಗ್ರಿಪ್ ಫುಲ್ ಇಟ್ಟು, ರೇಸ್ ಕೊಟ್ಟು ಮತ್ತೆ ಬ್ಯಾಟರಿ ಅಳೆಯಿರಿ. 13ರ ಮೇಲೆ ನಿಂತರೆ ಗೆದ್ದಿರಿ. ಎಡಗೈ ಸ್ವಲ್ಪ ಕಡಿಮೆ ಬಿಸಿ ಅನ್ನಿಸಬಹುದು, ಅಲ್ಲಿ ಕಬ್ಬಿಣದ ಪೈಪ್ ಶಾಖ ಕುಡಿಯುತ್ತದೆ, ಕೆಟ್ಟಿದೆ ಅಂತಲ್ಲ. ಹೊರಡುವಾಗ ಐದು ನಿಮಿಷ ಫುಲ್, ಆಮೇಲೆ ಕಡಿಮೆ ಮಾಡಿ, ಊರೊಳಗೆ ಸಿಗ್ನಲ್‌ನಲ್ಲಿ ನಿಂತಾಗ ಆರಿಸಿಬಿಡಿ. ಗ್ರಿಪ್ ಕಾಯಿಸುವುದು ಅಂಗೈಯನ್ನು ಮಾತ್ರ, ಬೆರಳಿನ ಮೇಲೆ ಹೊಡೆಯುವ ಗಾಳಿಗೆ ಹ್ಯಾಂಡ್ ಗಾರ್ಡ್ ಬೇರೆಯೇ ಹಾಕಿಸಬೇಕು.