ವಾಣಿಜ್ಯ ಕಟ್ಟಡದ ವಿದ್ಯುತ್ ಉಳಿತಾಯ: ಮೊದಲು ರಾತ್ರಿಯ ಮೀಟರ್ ಓದಿ

ಕಚೇರಿ, ಮಳಿಗೆಗಳಂತಹ ವಾಣಿಜ್ಯ ಕಟ್ಟಡಗಳಲ್ಲಿ ವಿದ್ಯುತ್ ಬಳಕೆ ತಗ್ಗಿಸಲು ಹೊರಟವರು ಹೊಸ ಯಂತ್ರ ಕೊಳ್ಳುವ ಮೊದಲು, ಯಾರೂ ಇಲ್ಲದ ಹೊತ್ತಿನಲ್ಲಿ ಎಷ್ಟು ವಿದ್ಯುತ್ ಖರ್ಚಾಗುತ್ತಿದೆ ಎಂಬುದನ್ನು ತಿಳಿಯಬೇಕೆಂದು ನಾನು ಒತ್ತಿ ಹೇಳುತ್ತೇನೆ. ತಿಂಗಳ ಬಿಲ್ಲಿನಲ್ಲಿ ಇದು ಕಾಣುವುದಿಲ್ಲ. 15 ಅಥವಾ 30 ನಿಮಿಷಕ್ಕೊಮ್ಮೆ ಬಳಕೆಯನ್ನು ದಾಖಲಿಸುವ ಮೀಟರ್ ಇದ್ದರೆ ಎರಡು ವಾರಗಳ ಅಂಕಿಗಳನ್ನು ಪಡೆದು ನಕ್ಷೆ ಬಿಡಿಸಿಕೊಳ್ಳಿ. ಇಲ್ಲದಿದ್ದರೆ ಬಾಗಿಲು ಹಾಕುವಾಗ ಮತ್ತು ಮರುದಿನ ತೆರೆಯುವಾಗ ಮೀಟರ್ ಓದಿ ಬರೆದಿಡಿ. ರಾತ್ರಿಯ ಬಳಕೆ ಹಗಲಿನದಕ್ಕಿಂತ ಅಷ್ಟೇನೂ ಕಡಿಮೆಯಿಲ್ಲವೆಂದು ಕಂಡರೆ, ಕೆಲಸ ಮುಗಿದ ಮೇಲೆ ಮಹಡಿ ಮಹಡಿಯನ್ನೂ ಸುತ್ತಿ, ಓಡುತ್ತಲೇ ಇರುವ ಫ್ಯಾನು, ಪಂಪು, ಹೀಟರುಗಳನ್ನು ಪಟ್ಟಿಮಾಡಿ, ಸರ್ವರ್ ಮತ್ತು ಸುರಕ್ಷತಾ ವ್ಯವಸ್ಥೆಯಂತಹ ಅನಿವಾರ್ಯವಾದವನ್ನು ಬಿಟ್ಟು ಉಳಿದವಕ್ಕೆ ಟೈಮರ್ ಹಾಕಿಸಿ. ರಜಾದಿನಗಳನ್ನು ಆ ವೇಳಾಪಟ್ಟಿಯಲ್ಲಿ ಸೇರಿಸಲು ಮರೆಯುವವರೇ ಹೆಚ್ಚು.

ಹವಾನಿಯಂತ್ರಣಕ್ಕೆ ಹೆಚ್ಚಿನ ಗಮನ ಬೇಕು. ಒಂದೇ ಜಾಗವನ್ನು ಒಂದು ಯಂತ್ರ ತಂಪು ಮಾಡುತ್ತಿರುವಾಗ ಇನ್ನೊಂದು ಬಿಸಿ ಮಾಡುತ್ತಿರುವುದು ದೊಡ್ಡ ಕಟ್ಟಡಗಳಲ್ಲಿ ಅಪರೂಪವಲ್ಲ. ತಂಪು ಶುರುವಾಗುವ ಮತ್ತು ಬಿಸಿ ಶುರುವಾಗುವ ಉಷ್ಣತೆಗಳ ನಡುವೆ ಎರಡು ಮೂರು ಡಿಗ್ರಿಗಳ ಅಂತರವಿಟ್ಟರೆ ಈ ಪೈಪೋಟಿ ನಿಲ್ಲುತ್ತದೆ. ಉಷ್ಣತೆ ಅಳೆದು ಯಂತ್ರವನ್ನು ನಿಯಂತ್ರಿಸುವ ಥರ್ಮೋಸ್ಟಾಟ್ ಬಿಸಿಲು ಬೀಳುವ ಗೋಡೆಯ ಮೇಲೋ ಫೋಟೊಕಾಪಿ ಯಂತ್ರದ ಪಕ್ಕದಲ್ಲೋ ಇದ್ದರೆ ಅದನ್ನು ಸ್ಥಳಾಂತರಿಸಿ.

ಗಾಳಿ ದೂಡುವ ಫ್ಯಾನಿಗೆ ಬೇಕಾಗುವ ವಿದ್ಯುತ್ತು ಅದರ ವೇಗದ ಘನಕ್ಕೆ ಅನುಗುಣವಾಗಿ ಬದಲಾಗುವುದರಿಂದ, ವೇಗವನ್ನು ಶೇ. 80ಕ್ಕೆ ಇಳಿಸಿದರೆ ಬಳಕೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆದ್ದರಿಂದ ಡ್ಯಾಂಪರ್ (ಗಾಳಿಯ ಕೊಳವೆಯೊಳಗಿನ ತಡೆಹಲಗೆ) ಮುಚ್ಚಿ ಗಾಳಿಯನ್ನು ತಡೆಯುವುದಕ್ಕಿಂತ ಮೋಟಾರಿನ ವೇಗವನ್ನು ನಿಯಂತ್ರಿಸುವ ಡ್ರೈವ್ ಅಳವಡಿಸುವುದು ಲೇಸು. ಮೇಲಿನ ತೊಟ್ಟಿಗೆ ನೀರೆತ್ತುವ ಪಂಪಿನಿಂದ ಇಷ್ಟೇ ಲಾಭ ನಿರೀಕ್ಷಿಸಬೇಡಿ, ಏಕೆಂದರೆ ಅದು ಏರಿಸಬೇಕಾದ ಎತ್ತರ ಬದಲಾಗುವುದಿಲ್ಲ. ಉಳಿತಾಯದ ಹೆಸರಿನಲ್ಲಿ ಒಳಗಿರುವವರಿಗೆ ಬೇಕಾದ ಹೊರಗಿನ ಗಾಳಿಯನ್ನು ಕಡಿತ ಮಾಡುವುದು ಸರಿಯಲ್ಲ. ಜನರ ಸಂಖ್ಯೆ ಏರಿಳಿಯುವ ಸಭಾಂಗಣಗಳಲ್ಲಿ ಕಾರ್ಬನ್ ಡೈಆಕ್ಸೈಡ್ ಸೆನ್ಸರ್ ಇಟ್ಟು ಅದರಂತೆ ಗಾಳಿ ಬಿಡಬಹುದು.

ದೀಪಗಳನ್ನು ಎಲ್‌ಇಡಿಗೆ ಬದಲಿಸಿ, ಕಿಟಕಿ ಪಕ್ಕದ ದೀಪಗಳ ಸಾಲಿಗೆ ಪ್ರತ್ಯೇಕ ಸ್ವಿಚ್ ಕೊಡಿ. ಚಿಲ್ಲರ್ (ಹವಾನಿಯಂತ್ರಣಕ್ಕೆ ನೀರನ್ನು ತಂಪು ಮಾಡುವ ಯಂತ್ರ) ಬದಲಿಸುವ ಕೆಲಸ ಕೊನೆಗಿರಲಿ: ದೀಪಗಳ ಶಾಖ ಮತ್ತು ಗಾಜಿನಿಂದ ಒಳಬರುವ ಬಿಸಿಲು ಕಡಿಮೆಯಾದ ಮೇಲೆ ಚಿಕ್ಕ ಚಿಲ್ಲರೇ ಸಾಕಾಗಬಹುದು.

ಪ್ರತಿ ಬದಲಾವಣೆಯ ನಂತರ, ಹವಾಮಾನ ಹೋಲುವ ವಾರಗಳನ್ನೇ ಆಯ್ದು ಹಿಂದಿನ ಬಳಕೆಯೊಂದಿಗೆ ಹೋಲಿಸಿ. ಯಾರೋ ಒಂದು ದಿನದ ಅಗತ್ಯಕ್ಕೆಂದು ಟೈಮರನ್ನು ತಪ್ಪಿಸಿ ಯಂತ್ರ ಓಡಿಸಿ ಹಾಗೆಯೇ ಬಿಟ್ಟಿರುವ ಸಾಧ್ಯತೆ ಇರುವುದರಿಂದ, ರಾತ್ರಿಯ ಮೀಟರನ್ನು ತಿಂಗಳಿಗೊಮ್ಮೆ ಮತ್ತೆ ಓದಿ.