ಡಿಎಲ್ ನವೀಕರಣ: ಅರ್ಜಿ ವಾಪಸ್ ಬರುವುದು ಯಾಕೆ?

ಚಾಲನಾ ಲೈಸೆನ್ಸ್ (ಡಿಎಲ್) ಅವಧಿ ಮುಗಿಯಲು ಒಂದು ವರ್ಷ ಇರುವಾಗಲೇ ನವೀಕರಣಕ್ಕೆ ಅರ್ಜಿ ಹಾಕಬಹುದು. ಮುಗಿದು ಒಂದು ವರ್ಷ ದಾಟಿತೋ, ಮತ್ತೆ ಚಾಲನಾ ಪರೀಕ್ಷೆ. ಅವಧಿ ಮುಗಿದ ಮೇಲೂ 30 ದಿನ ಲೈಸೆನ್ಸ್ ಚಾಲ್ತಿಯಲ್ಲಿರುತ್ತಿದ್ದ ರಿಯಾಯಿತಿ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಹೋಯಿತು. ಹಾಗಾಗಿ ನಾನು ಕೊನೆಯ ತಿಂಗಳವರೆಗೆ ಕಾಯುವುದಿಲ್ಲ. ಅರ್ಜಿ ಒಮ್ಮೆ ವಾಪಸ್ ಬಂದರೂ ಸರಿಪಡಿಸಲು ಸಮಯ ಬೇಕು.

ಮೊದಲು ಲೈಸೆನ್ಸ್ ಸೇವೆಗಳ ಸರ್ಕಾರಿ ಜಾಲತಾಣವಾದ ಸಾರಥಿ ಪೋರ್ಟಲ್‌ನಲ್ಲಿ ಡಿಎಲ್ ನಂಬರ್ ಸಿಗುತ್ತದೆಯೇ ನೋಡುತ್ತೇನೆ. ಕೆಎ, ಆರ್‌ಟಿಒದ ಎರಡಂಕಿ, ಇಸವಿ, ಆಮೇಲೆ ಏಳಂಕಿಯ ಕ್ರಮಸಂಖ್ಯೆ. ಹಳೆಯ ಲೈಸೆನ್ಸ್‌ಗಳಲ್ಲಿ ಕ್ರಮಸಂಖ್ಯೆ ಚಿಕ್ಕದಾಗಿದ್ದರೆ ಮುಂದೆ ಸೊನ್ನೆ ತುಂಬಬೇಕು. ಆಗಲೂ ಸಿಗದಿದ್ದರೆ ದಾಖಲೆ ಗಣಕೀಕರಣ ಆಗಿಲ್ಲವೆಂದೇ ಲೆಕ್ಕ. ಡಿಎಲ್ ಕೊಟ್ಟ ಮೂಲ ಆರ್‌ಟಿಒದಲ್ಲಿ ಬ್ಯಾಕ್‌ಲಾಗ್ ಎಂಟ್ರಿ (ಹಳೆಯ ದಾಖಲೆಯನ್ನು ಪೋರ್ಟಲ್‌ಗೆ ಸೇರಿಸುವುದು) ಮಾಡಿಸಬೇಕು, ಮೂಲ ಲೈಸೆನ್ಸ್ ಜೊತೆಗಿರಲಿ.

ಆಮೇಲಿನ ತಲೆನೋವು ಇನಿಷಿಯಲ್. ಡಿಎಲ್‌ನಲ್ಲಿ 'ಕೆ. ಎಸ್. ಮಂಜುನಾಥ', ಆಧಾರ್‌ನಲ್ಲಿ 'ಮಂಜುನಾಥ ಕೆ ಎಸ್' ಎಂದಿದ್ದರೆ ಗುಮಾಸ್ತರ ಕಣ್ಣಿಗೆ ಇಬ್ಬರೂ ಬೇರೆ ಬೇರೆ. ಹುಟ್ಟಿದ ದಿನಾಂಕ ಒಂದಂಕಿ ತಪ್ಪಿದರೂ ಅಷ್ಟೇ. ಅರ್ಜಿ ಹಾಕುವ ಮುಂಚೆ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ಊರು ಬದಲಾಗಿದ್ದರೆ ವಿಳಾಸ ಬದಲಾವಣೆಯನ್ನೂ ನವೀಕರಣದ ಜೊತೆಗೇ ಆಯ್ಕೆ ಮಾಡಿ. ಬಿಟ್ಟರೆ ಕಾರ್ಡ್ ಅಂಚೆಯಲ್ಲಿ ಹಳೆಯ ಮನೆಗೆ ಹೋಗಿ ಕಚೇರಿಗೇ ವಾಪಸಾಗುತ್ತದೆ.

40 ದಾಟಿದವರಿಗೆ ಫಾರಂ 1ಎ, ಅಂದರೆ ವೈದ್ಯಕೀಯ ಪ್ರಮಾಣಪತ್ರ ಕಡ್ಡಾಯ. ಹೆಚ್ಚು ಅರ್ಜಿಗಳು ಬೀಳುವುದು ಇಲ್ಲೇ. ಅಂಟಿಸಿದ ಫೋಟೋ ಮೇಲೆ ವೈದ್ಯರ ಸಹಿ ಅರ್ಧ, ಫಾರಂ ಮೇಲೆ ಅರ್ಧ ಬರಬೇಕು. ಪೂರ್ತಿ ಕೆಳಗೆ ಹಾಕಿದರೆ ಯಾರ ಫೋಟೋ ಬೇಕಾದರೂ ಆಮೇಲೆ ಅಂಟಿಸಬಹುದಲ್ಲ, ಆ ಅನುಮಾನಕ್ಕೆ ಇದು. ನೋಂದಣಿ ಸಂಖ್ಯೆಯಿರುವ ಸೀಲ್ ಸ್ಪಷ್ಟವಾಗಿರಲಿ. 25 ಮೀಟರ್ ದೂರದಿಂದ ನಂಬರ್ ಪ್ಲೇಟ್ ಓದಬಲ್ಲರೇ ಎಂಬ ಪ್ರಶ್ನೆ ಅದರಲ್ಲಿದೆ. ಅಲ್ಲಿನ ಉತ್ತರ ಖಾಲಿ ಬಿಟ್ಟು ಸಹಿ ಹಾಕಿದ ಫಾರಂಗಳೇ ಜಾಸ್ತಿ. ಕ್ಲಿನಿಕ್ ಬಿಡುವ ಮೊದಲು ಪ್ರತಿ ಸಾಲು ನೋಡಿಕೊಳ್ಳಿ, ಮತ್ತೆ ಬರುವುದು ತಪ್ಪುತ್ತದೆ.

ಕೌಂಟರ್‌ನಲ್ಲಿ 'ಸರಿಯಿಲ್ಲ, ನಾಳೆ ಬನ್ನಿ' ಎಂದರೆ ಏನು ಸರಿಯಿಲ್ಲ ಎಂದು ಬರೆದುಕೊಡಲು ಕೇಳಿ. ಬರೆಯಬೇಕೆಂದಾಗ ಆಕ್ಷೇಪಣೆಗಳು ಅರ್ಧಕ್ಕಿಳಿಯುತ್ತವೆ! ಅರ್ಜಿ ಸಂಖ್ಯೆ ಇದ್ದರೆ ಸ್ಥಿತಿಯನ್ನು ಪೋರ್ಟಲ್‌ನಲ್ಲೇ ನೋಡಬಹುದು. ಮಂಜೂರಾದ ಮೇಲೆ ಕಾರ್ಡ್ ಬರುವವರೆಗೆ ಸರ್ಕಾರದ ದಾಖಲೆ ಆ್ಯಪ್ ಡಿಜಿಲಾಕರ್‌ನಲ್ಲಿರುವ ಪ್ರತಿ ಸಾಕು. ತಪಾಸಣೆಯಲ್ಲಿ ಅದಕ್ಕೂ ಮೂಲ ಡಿಎಲ್‌ನಷ್ಟೇ ಮಾನ್ಯತೆ.