ಮೊಲಕ್ಕೆ ಹುಲ್ಲೇ ಅನ್ನ, ಪೆಲೆಟ್ ಬರಿಯ ಉಪ್ಪಿನಕಾಯಿ

ಮೊನ್ನೆ ಮಗನ ಮನೆಗೆ ಹೋದವಳು ಮೊಮ್ಮಗಳ ಮೊಲದ ಬಟ್ಟಲು ನೋಡಿ ರೇಗಿಹೋದೆ. ಬಟ್ಟಲಿನ ತುಂಬ ಪೆಲೆಟ್ (ಪುಡಿಮಾಡಿ ಒತ್ತಿದ ಗುಳಿಗೆ ಮೇವು), ಅದರ ನಡುವೆ ಕೆಂಪು ಹಳದಿ ಚೂರುಗಳು, ಮೆಕ್ಕೆಜೋಳ, ಸೂರ್ಯಕಾಂತಿ ಬೀಜ. ಗೂಡಿನ ಮೂಲೆಯಲ್ಲಿ ಶಾಸ್ತ್ರಕ್ಕೆಂಬಂತೆ ನಾಲ್ಕು ಎಳೆ ಒಣಹುಲ್ಲು. "ಅಂಗಡಿಯಲ್ಲಿದ್ದುದರಲ್ಲಿ ಇದೇ ದುಬಾರಿ, ಅತ್ತೆ" ಎಂದಳು ಸೊಸೆ. ಎಲೆ ತುಂಬ ಉಪ್ಪಿನಕಾಯಿ ಬಡಿಸಿ, ಅನ್ನವನ್ನು ಎಲೆಯ ತುದಿಗೆ ಒಂದು ತುತ್ತು ಹಾಕಿದರೆ ನೀವು ಉಣ್ಣುತ್ತೀರಾ?

ನಾನೇನು ಹುಟ್ಟುತ್ತಲೇ ಕಲಿತವಳಲ್ಲ. ನನ್ನ ಮೊದಲ ಮೊಲಕ್ಕೆ ಪ್ರೀತಿಯಿಂದ ಚಪಾತಿ, ಬಿಸ್ಕತ್ತು ತಿನ್ನಿಸಿ ಮೂರೇ ವರ್ಷಕ್ಕೆ ಕಳೆದುಕೊಂಡೆ. ದವಡೆ ಹಲ್ಲು ಬೆಳೆದು ನಾಲಿಗೆಗೆ ಚುಚ್ಚುತ್ತಿತ್ತು. ಮೊಲದ ಹಲ್ಲು ಸಾಯುವವರೆಗೂ ಬೆಳೆಯುತ್ತದೆ, ಅದನ್ನು ಸವೆಸುವುದು ಹುಲ್ಲಿನ ನಾರು ಎಂದು ಪಶುವೈದ್ಯರು ಹೇಳಿದಾಗ ಕಾಲ ಮೀರಿತ್ತು. ಕರುಳು ನಡೆಯಬೇಕಾದರೂ ಅದೇ ನಾರು ಬೇಕು. ದಿನಕ್ಕೆ ಮೊಲದ ಮೈಯಷ್ಟು ದೊಡ್ಡ ಕಂತೆ ಹುಲ್ಲು ಹಾಕಿ. ಉಳಿದರೆ ಉಳಿಯಲಿ, ಖಾಲಿ ಮಾತ್ರ ಆಗಕೂಡದು.

ಪೆಲೆಟ್ ಕೊಳ್ಳುವಾಗ ಚೀಲದ ಮೇಲಿನ ಮೊಲದ ಚಿತ್ರವನ್ನು ಬಿಟ್ಟು ಹಿಂದಿನ ಸಣ್ಣ ಅಕ್ಷರ ಓದಿ. ನಾರು 18%ಕ್ಕಿಂತ ಕಡಿಮೆ ಇರಬಾರದು, ಪ್ರೋಟೀನ್ 14%ರ ಆಸುಪಾಸು ಸಾಕು, ಕ್ಯಾಲ್ಸಿಯಂ 1% ದಾಟಬಾರದು. ಎಲ್ಲ ಗುಳಿಗೆಯೂ ಒಂದೇ ಹಸಿರುಗಂದು ಬಣ್ಣದ್ದಾಗಿರಲಿ. ಕಾಳು, ಬಣ್ಣದ ಚೂರು ಬೆರೆಸಿದ್ದರೆ ಮೊಲ ಸಿಹಿಯಾದುದನ್ನೇ ಹೆಕ್ಕಿ ತಿಂದು ಉಳಿದದ್ದನ್ನು ಬಿಡುತ್ತದೆ, ಥೇಟ್ ನಮ್ಮ ಮಕ್ಕಳು ಉಪ್ಪಿಟ್ಟಿನಲ್ಲಿ ಗೋಡಂಬಿ ಹುಡುಕುವಂತೆ. ಮಾಂಸಕ್ಕೆ ಸಾಕುವ ಮೊಲಗಳ ಮೇವು ಅಗ್ಗವೆಂದು ತರಬೇಡಿ, ಅದು ಬೇಗ ತೂಕ ಬರಿಸಲು ಮಾಡಿದ್ದು. ಎರಡು ಕಿಲೋ ತೂಗುವ ಬೆಳೆದ ಮೊಲಕ್ಕೆ ದಿನಕ್ಕೆ ನನ್ನ ಅಂಗೈ ಗುಳಿಯಲ್ಲಿ ನಿಲ್ಲುವಷ್ಟು ಪೆಲೆಟ್ ಧಾರಾಳ. ಹೆಚ್ಚಾದರೆ ಹುಲ್ಲು ಮುಟ್ಟುವುದಿಲ್ಲ, ಗೂಡಿನಲ್ಲಿ ಮೆತ್ತನೆಯ ಹಿಕ್ಕೆ ಅಂಟಿಕೊಂಡು ಬಿದ್ದಿರುತ್ತದೆ. ಆರಿಸಿ ತಂದ ಚೀಲವೂ ಒಂದೂವರೆ ತಿಂಗಳಲ್ಲಿ ಮುಗಿಯುವಷ್ಟೇ ಇರಲಿ.

ಹುಲ್ಲಿನಲ್ಲಿ ಹೊರದೇಶದ ಟಿಮೋಥಿ ಒಳ್ಳೆಯದೇ, ಬೆಲೆಯೊಂದೇ ಕಷ್ಟ. ಕುದುರೆ ಮೆಂತೆ (ಆಲ್ಫಾಲ್ಫಾ ಮೇವು) ಆರು ತಿಂಗಳೊಳಗಿನ ಮರಿಗಳಿಗೆ ಸರಿ. ದೊಡ್ಡವಕ್ಕೆ ದಿನವೂ ಹಾಕಿದರೆ ಮೂತ್ರ ಕಲಸಿದ ಸುಣ್ಣದಂತೆ ಗಟ್ಟಿಯಾಗುತ್ತದೆ. ಭತ್ತದ ಹುಲ್ಲು ಹಾಸಲು ಸಾಕು, ಊಟಕ್ಕಲ್ಲ. ನಾನು ಬಹುಪಾಲು ನಂಬಿರುವುದು ಗಣಪತಿಗೆ ಏರಿಸುವ ಗರಿಕೆಯನ್ನೇ, ಆದರೆ ಮನೆಯಲ್ಲೇ ಒಣಗಿಸಿದ್ದು.

ಈ ಒಣಗಿಸುವುದರಲ್ಲೇ ಈಗಿನವರು ಕೆಡಿಸುವುದು. ಮಾರುಕಟ್ಟೆಯ ಕಟ್ಟು ತಂದು ಬಿಸಿಲಿಗೆ ಹಾಕುತ್ತಾರೆ, ಅದು ನೀರು ಚಿಮುಕಿಸಿದ್ದು, ಒಳಗೇ ಮುಗ್ಗಿರುತ್ತದೆ. ಗರಿಕೆಯನ್ನು ತೆನೆ ಒಡೆಯುವ ಮುನ್ನ, ಬೆಳಗಿನ ಇಬ್ಬನಿ ಆರಿದ ಮೇಲೆ, ಕುಡುಗೋಲಿನಿಂದ ಕೊಯ್ಯಿರಿ. ನಾಯಿ ಕಾಲೆತ್ತುವ ರಸ್ತೆ ಬದಿಯದು, ಕಳೆನಾಶಕ ಹೊಡೆದ ಉದ್ಯಾನದ್ದು ಬೇಡವೇ ಬೇಡ. ಕಾಂಗ್ರೆಸ್ ಗಿಡದ ಒಂದು ಎಲೆಯೂ ಉಳಿಯದಂತೆ ಕೈಯಾಡಿಸಿ ಆರಿಸಿ. ಗಾಳಿಯಾಡುವ ನೆರಳಿನಲ್ಲಿ ಹಳೆಯ ಹತ್ತಿ ಸೀರೆ ಹಾಸಿ, ಬೆರಳ ದಪ್ಪಕ್ಕಿಂತ ತೆಳುವಾಗಿ ಹರಡಿ. ಕಡುಬಿಸಿಲಿಗೆ ಹಾಕಿದರೆ ಹಸಿರೂ ಹೋಗುತ್ತದೆ, ಘಮವೂ ಹೋಗುತ್ತದೆ. ದಿನಕ್ಕೆರಡು ಸಲ ಬೆರಳಿನಿಂದ ಬಿಡಿಸಿ ತಿರುವಿ ಹಾಕಿ.

ನಾಲ್ಕನೆಯ ದಿನ ಗೆಣ್ಣಿನ ಬಳಿ ಬಗ್ಗಿಸಿದರೆ ಪಟಕ್ಕನೆ ಮುರಿಯಬೇಕು. ಮುರಿದರೂ ನಾನು ಒಪ್ಪುವುದಿಲ್ಲ. ಎರಡು ಚಮಚ ಪುಡಿ ಉಪ್ಪನ್ನು ಬಾಣಲೆಯಲ್ಲಿ ಹುರಿದು ಪೂರ್ತಿ ತಣಿಸುತ್ತೇನೆ. ತೇವದ ಸುಳಿವಿಲ್ಲದ ಗಾಜಿನ ಭರಣಿಗೆ ಅದನ್ನು ಹಾಕಿ, ರಾಶಿಯ ನಡುವಿನಿಂದ ಒಂದು ಹಿಡಿ ಹುಲ್ಲನ್ನು ಕತ್ತರಿಯಿಂದ ಸಣ್ಣಗೆ ಹೆಚ್ಚಿ ಸೇರಿಸಿ, ಮುಚ್ಚಳ ಬಿಗಿದು ಇನ್ನೂರು ಎಣಿಸುವವರೆಗೆ ಕುಲುಕುತ್ತೇನೆ. ಆಮೇಲೆ ಕಾಲು ಗಂಟೆ ಸುಮ್ಮನೆ ಇಡುತ್ತೇನೆ. ಉಪ್ಪು ಮರಳಿನಂತೆ ಕೆಳಗೆ ಉದುರಿದರೆ ಹುಲ್ಲು ಗೆದ್ದಿತು. ಗಾಜಿಗೆ ಅಂಟಿದರೆ, ಗಂಟು ಕಟ್ಟಿದರೆ, ಹುಲ್ಲಿನಲ್ಲಿ ಇನ್ನೂ ತೇವವಿದೆ ಎಂದೇ ಅರ್ಥ, ಮತ್ತೆರಡು ದಿನ ಸೀರೆಯ ಮೇಲೆ. ನನ್ನ ಅಮ್ಮ ಮೆಕ್ಕೆಜೋಳವನ್ನು ವಾಡೆಗೆ ತುಂಬುವ ಮೊದಲು ಹೀಗೆಯೇ ಪರೀಕ್ಷಿಸುತ್ತಿದ್ದಳು, ಆಗ ನಾನು ಭರಣಿ ಕುಲುಕುವ ಆಳು. ಮೊಮ್ಮಗಳು ಈ ಕೆಲಸವನ್ನು ನೋಡಿ ನಗುತ್ತಾಳೆ. ಒಂದು ಮಳೆಗಾಲ ಅವಳೇ ಪರೀಕ್ಷಿಸದೆ ತುಂಬಿಟ್ಟ ಚೀಲ ಹತ್ತು ದಿನಕ್ಕೆ ಬೂಷ್ಟು ಹಿಡಿದು, ಇಡೀ ಚೀಲವನ್ನು ಗೊಬ್ಬರದ ಗುಂಡಿಗೆ ಸುರಿದಳು.

ತುಂಬುವುದು ಬಟ್ಟೆಯ ಚೀಲಕ್ಕೆ, ಪ್ಲಾಸ್ಟಿಕ್ಕಿಗಲ್ಲ. ಮೊಲಕ್ಕೆ ಹಾಕುವ ಮುನ್ನ ಹುಲ್ಲನ್ನು ಒಮ್ಮೆ ಕೊಡವಿ, ಧೂಳಿಗೆ ಮೊಲ ಸೀನುತ್ತದೆ. ಪೆಲೆಟ್ ಬದಲಿಸುವುದಾದರೆ ಹತ್ತು ದಿನದಲ್ಲಿ ಹಳೆಯದನ್ನು ಸ್ವಲ್ಪ ಸ್ವಲ್ಪವೇ ಇಳಿಸಿ, ಹೊಸದನ್ನು ಏರಿಸಿ. ಮೊಲ ಅರ್ಧ ದಿನ ಬಾಯಿಗೆ ಏನನ್ನೂ ಮುಟ್ಟಿಸದಿದ್ದರೆ, ಹಿಕ್ಕೆ ಹಾಕದಿದ್ದರೆ, ರಾತ್ರಿಯಾದರೂ ಸರಿ ವೈದ್ಯರ ಬಳಿ ಓಡಿ. ಬೆಳಿಗ್ಗೆ ನೋಡೋಣ ಎನ್ನಬೇಡಿ.